ಗಿಳಿಹಸಿರು ಗಾಡಿ

ಎರಡು ಸಾವಿರದ ಇಪ್ಪತ್ತೆರಡನೆಯ ಇಸವಿ, ಡಿಸೆಂಬರ್ ಒಂಬತ್ತು, ಶುಕ್ರವಾರ. ಬೆಳಗಿನಿಂದ ಮೋಡ ಕವಿದಿತ್ತು. ತಣ್ಣನೆಯ ಗಾಳಿ ಬೀಸುತ್ತಿತ್ತು. ಮಳೆ ಬೀಳಲಿಲ್ಲ.

ಆಶ್ರಮದ ಪಡಸಾಲೆಯಲ್ಲಿ ಗುರುಗಳೂ ಶಿಷ್ಯ ಹಾಲೇಶನೂ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಹಾಲೇಶ ಕೇಳಿದ:

“ಗುರುಗಳೇ, ಕಷ್ಟಪಟ್ಟು ಗಳಿಸಿದ ಶಾಂತಿಯನ್ನು ಕೆಡಿಸಿಕೊಳ್ಳದೆ ಸಂಸಾರದೊಳಗೆ ಹೋಗಿ ಬರುವುದು ಹೇಗೆ?”

ಗುರುಗಳು ತಲೆಯೆತ್ತಿದರು. “ಯಾರ ಸಂಸಾರ?”

“ನನ್ನ ಅಣ್ಣನದು. ಅವನಿಗೆ ಲಕ್ವ ಹೊಡೆದಿದೆ. ಎತ್ತಿ ಕೂರಿಸಲು, ಸ್ನಾನ ಮಾಡಿಸಲು ಒಬ್ಬರು ಬೇಕು. ಅತ್ತಿಗೆ ಫೋನ್ ಮಾಡಿ ಬಾ ಎಂದಿದ್ದಾರೆ.”

“ನಿನಗೆ ಹೋಗಲು ಮನಸ್ಸಿಲ್ಲವೇ?”

“ಇದೆ. ಆದರೆ ಆ ಮನೆಯಲ್ಲಿ ಬೆಳಗಾದರೆ ಜಗಳ. ಅಲ್ಲಿದ್ದಾಗ ನನ್ನ ಬಾಯಿ ಎಲ್ಲರ ಬಾಯಿಗಿಂತ ಕೆಟ್ಟದ್ದಾಗಿತ್ತು. ಇಲ್ಲಿಗೆ ಬಂದ ಮೇಲೆ ಅದು ಮೆತ್ತಗಾಗಲು ಎಷ್ಟು ವರ್ಷ ಹಿಡಿಯಿತು ಎಂದು ತಮಗೇ ಗೊತ್ತು. ಹೋದರೆ ಒಂದು ವಾರದಲ್ಲಿ ನಾನು ಹಳೆಯ ಹಾಲೇಶನೇ ಆಗುತ್ತೇನೆ. ಮಾಡಿದ್ದೆಲ್ಲ ಹೋಗುತ್ತದೆ.”

ಗುರುಗಳು ಮಡಿಲಿನ ಕಾಳನ್ನು ಪಾತ್ರೆಗೆ ಸುರಿದರು. “ಒಂದು ಕತೆ ಹೇಳುತ್ತೇನೆ. ಕೈ ನಿಲ್ಲಿಸಬೇಡ, ಸುಲಿಯುತ್ತಲೇ ಕೇಳು” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಚಾಲಕನಿದ್ದ. ಪ್ರಾಯವೆಲ್ಲ ಬೇರೆಯವರ ಬಸ್ಸು ಓಡಿಸಿದವನು. ಯಾತ್ರಿಕರನ್ನು ಕಾಶಿಗೆ, ಪಂಢರಪುರಕ್ಕೆ, ರಾಮೇಶ್ವರಕ್ಕೆ ಮುಟ್ಟಿಸಿ ಕರೆತಂದವನು. ಮಾತು ಬಹಳ ಕಡಿಮೆ. ಗಾಡಿಯ ವಿಷಯ ಬಿಟ್ಟರೆ ಊಟಕ್ಕೆ ಮಾತ್ರ ಬಾಯಿ ತೆರೆಯುತ್ತಾನೆ ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಹೆಂಡತಿಗೆ ಒಬ್ಬ ಅಕ್ಕನಿದ್ದಳು. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಯನ್ನು ಸಾಕಿದವಳು ಈ ಅಕ್ಕನೇ. ಹಾಗಾಗಿ ಅವಳು ಚಾಲಕನನ್ನು ಅಳಿಯಂದ್ರೇ ಎಂದು ಕರೆಯುತ್ತಿದ್ದಳು. ವಯಸ್ಸಿನಲ್ಲಿ ಅವನಿಗಿಂತ ಹೆಚ್ಚು ದೊಡ್ಡವಳೇನಲ್ಲ. ಆದರೂ ಅವನು ಆ ಕರೆಗೆ ಅಳಿಯನ ಹಾಗೆಯೇ ಎದ್ದು ನಿಲ್ಲುತ್ತಿದ್ದ.

ಅಕ್ಕತಂಗಿಯರು ಹುಟ್ಟಿದ ಹಳ್ಳಿ ಈಗಿಲ್ಲ. ಅಣೆಕಟ್ಟು ಕಟ್ಟಿದಾಗ ಅದು ನೀರಿನಲ್ಲಿ ಮುಳುಗಿತು. ಹಳ್ಳಿ ಬಿಡುವ ದಿನ ತಂಗಿ ಇನ್ನೂ ಕೂಸು. ಅಳು ನಿಲ್ಲಿಸಲಿಲ್ಲ. ಸಾಮಾನು ಹೇರಿದ ಲಾರಿ ಹೊರಟೇಬಿಟ್ಟಿತ್ತು. ಅಕ್ಕ ಕೂಸನ್ನು ಕಂಕುಳಿಗೆ ಎತ್ತಿಕೊಂಡು ಓಡಿದಳು. ತಾಯಿ ಹೋದ ಮೇಲೆ ದಿನಾ ಬೆಳಗ್ಗೆ ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚುವ ಕೆಲಸ ಅವಳದಾಗಿತ್ತು. ಒಂದು ದಿನವೂ ತಪ್ಪಿಸಿರಲಿಲ್ಲ. ಕಡೆಯ ದಿನ ತಪ್ಪಿತು. ಲಾರಿಯ ಮೇಲೆ ಕುಳಿತ ಮೇಲೆ ಅವಳಿಗೆ ಅದು ನೆನಪಾಯಿತು. ಆಮೇಲೆ ಮರೆಯಲೇ ಇಲ್ಲ.

ಕಡುಬೇಸಿಗೆಯಲ್ಲಿ ಅಣೆಕಟ್ಟಿನ ನೀರು ಇಳಿಯುತ್ತದೆ. ಆಗ ಹಳ್ಳಿಯ ಕಲ್ಲುಗಳು ಮೇಲೆ ಬರುತ್ತವೆ. ಗೋಡೆ ಇರುವುದಿಲ್ಲ, ಸೂರು ಇರುವುದಿಲ್ಲ. ಒರಳು, ಜಗಲಿಯ ಚಪ್ಪಡಿ, ಕಲ್ಲಿನ ಹೊಸಿಲು ಇರುತ್ತವೆ. ನೋಡಿ ಬಂದ ಯಾರೋ, ನಿಮ್ಮ ಮನೆಯ ಹೊಸಿಲು ಇದ್ದ ಹಾಗೇ ಇದೆ ಎಂದು ಅಕ್ಕನಿಗೆ ಹೇಳಿದರು. ಅಂದಿನಿಂದ ಅವಳದು ಒಂದೇ ಆಸೆ. ಒಂದು ಸಲ ಹೋಗಿ ಅರಿಶಿನ ಹಚ್ಚಿ ಬರಬೇಕು.

ಆದರೆ ಅವಳ ಬೆನ್ನುಮೂಳೆ ಸವೆದಿತ್ತು. ಸ್ವಲ್ಪ ಹೊತ್ತು ಕುಳಿತರೆ ಆಮೇಲೆ ಮಲಗಲೇಬೇಕು. ಮೂತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಬಸ್ಸು ಅವಳಿಗಾಗಿ ನಿಲ್ಲುವುದಿಲ್ಲ. ಕಾರಿನಲ್ಲಿ ಕಾಲು ಚಾಚಲು ಆಗುವುದಿಲ್ಲ. ದೂರದ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದರು. ಆ ಮೇಲೆ ಅವಳು ಹೊಸಿಲಿನ ಮಾತೆತ್ತುವುದನ್ನೇ ಬಿಟ್ಟಳು. ಕೇಳುತ್ತಿದ್ದಾಗ ತಂಗಿ ಹೇಗೋ ಸಮಾಧಾನ ಮಾಡುತ್ತಿದ್ದಳು. ಕೇಳುವುದನ್ನು ಬಿಟ್ಟ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

ಒಂದು ರಾತ್ರಿ ಊಟಕ್ಕೆ ಕುಳಿತಾಗ ಚಾಲಕ, “ಮನೇನೇ ಗಾಡಿ ಮೇಲೆ ಕಟ್ಟಿದರಾಯ್ತು” ಎಂದ.

“ಯಾರ ಮನೆ? ಯಾವ ಗಾಡಿ?” ಎಂದು ಹೆಂಡತಿ ಕೇಳಿದಳು.

ಅವನು ಮಜ್ಜಿಗೆ ಹಾಕು ಎಂದ.

ಮುಂದಿನ ವಾರ ಒಂದು ಹಳೆಯ ಆಂಬುಲೆನ್ಸ್ ಕೊಂಡು ತಂದು ಮನೆಯ ಮುಂದೆ ನಿಲ್ಲಿಸಿದ. ಬೀದಿಯವರೆಲ್ಲ ಯಾರಿಗೆ ಏನಾಯಿತು ಎಂದು ಓಡಿಬಂದರು. ಪಕ್ಕದ ಮನೆಯಾಕೆ ಕೇಳುವುದಕ್ಕೆ ಮೊದಲೇ ಅಳಲು ಶುರುಮಾಡಿದ್ದಳು. ಯಾರಿಗೂ ಏನೂ ಆಗಿಲ್ಲ ಎಂದು ತಿಳಿದ ಮೇಲೆ ಅವಳಿಗೆ ಸ್ವಲ್ಪ ಬೇಸರವೇ ಆಯಿತು.

ಚಾಲಕ ಗಾಡಿಯೊಳಗೆ ಮಂಚ ಹಾಕಿದ. ತಿರುವಿನಲ್ಲಿ ಮಲಗಿದವರು ಉರುಳದ ಹಾಗೆ ಅದಕ್ಕೆ ಅಡ್ಡಪಟ್ಟಿ ಕಟ್ಟಿದ. ಒಂದು ಮೂಲೆಯಲ್ಲಿ ಒಲೆ, ಮೇಲೆ ನೀರಿನ ಟ್ಯಾಂಕು, ಪರದೆಯ ಹಿಂದೆ ಪಾಯಿಖಾನೆ. ಶಿವರಾತ್ರಿಯ ಹೊತ್ತಿಗೆ ಒಳಗಿನ ಕೆಲಸ ಮುಗಿಯಿತು. ಹೊರಗಿನ ಬಣ್ಣ ಉಳಿಯಿತು.

ಬಣ್ಣ ಬೇಕೇ ಬೇಕು ಎಂದವಳು ಅಕ್ಕ. ಫೋನಿನಲ್ಲಿ ತಂಗಿಗೆ ಹೇಳಿದಳು: “ಆಂಬುಲೆನ್ಸ್‌ನಲ್ಲಿ ನಾನು ತವರಿಗೆ ಬರಲ್ಲ ಕಣೇ. ಹೋದಳು ಅಂದ್ಕೊಂಡು ದಾರೀಲಿ ಜನ ಕೈ ಮುಗೀತಾರೆ.”

“ಯಾವ ಬಣ್ಣ ಹಚ್ಚಿಸಲಿ ಹೇಳಕ್ಕ.”

“ಗಿಳಿಹಸಿರು. ಅಮ್ಮನ ಹತ್ರ ಒಂದು ಸೀರೆ ಇತ್ತು. ನಿಂಗೆಲ್ಲಿ ಗೊತ್ತು, ನೀನು ಅದರಲ್ಲೇ ಸುತ್ತಿಕೊಂಡು ಮಲಗಿರ್ತಿದ್ದೆ.”

ಬಣ್ಣದ ಶೆಡ್ಡಿಗೆ ಕೊಟ್ಟಿದ್ದರೆ ಅವರು ಗಾಳಿಯಲ್ಲಿ ಚಿಮ್ಮಿಸಿ ಬೇಗ ಮುಗಿಸುತ್ತಿದ್ದರು. ಚಾಲಕ ಕೊಡಲಿಲ್ಲ. ಇಷ್ಟು ಕಾಲ ಬೇರೆಯವರ ಗಾಡಿ ಓಡಿಸಿದವನಿಗೆ ಇದೊಂದನ್ನು ಇನ್ನೊಬ್ಬರ ಕೈಗೆ ಒಪ್ಪಿಸಲು ಮನಸ್ಸು ಬರಲಿಲ್ಲ. ಬಣ್ಣದ ಡಬ್ಬಿಗಳನ್ನು ತಂದ. ಅಂಗೈ ಅಗಲದ ಸ್ಪಂಜಿನ ರೋಲರ್ ತಂದ. ಗಾಜುಗಳಿಗೆ ಹಳೆಯ ಪತ್ರಿಕೆ ಅಂಟಿಸಿದ. ಮನೆಯ ಮುಂದೆಯೇ, ಬೇವಿನ ಮರದ ಕೆಳಗೆ, ಕೆಲಸಕ್ಕೆ ನಿಂತ.

ರೋಲರಿನ ಕೆಲಸಕ್ಕೆ ಒಂದು ನಿಯಮ ಇದೆ. ಬಣ್ಣವನ್ನು ತೆಳುವಾಗಿ ಹಚ್ಚಬೇಕು, ಹಚ್ಚುತ್ತ ಮುಂದೆ ಹೋಗಬೇಕು. ಹಚ್ಚಿದ ಜಾಗವನ್ನು ಪೂರ್ತಿ ಒಣಗುವವರೆಗೆ ಮತ್ತೆ ಮುಟ್ಟಬಾರದು. ಅರೆ ಒಣಗಿದ ಬಣ್ಣದ ಮೇಲೆ ರೋಲರ್ ಆಡಿಸಿದರೆ ಹಾಲಿನ ಕೆನೆಯ ಹಾಗೆ ಕಿತ್ತು ಬರುತ್ತದೆ. ಒಂದು ಚುಕ್ಕೆ ತೆಗೆಯಲು ಹೋದರೆ ಅಂಗೈ ಅಗಲ ಕೆಡುತ್ತದೆ. ಆಮೇಲೆ ಆ ಬದಿಯನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿ ಮೊದಲಿನಿಂದ ಹಚ್ಚಬೇಕು.

ಚಾಲಕನಿಗೆ ಈ ನಿಯಮ ಗೊತ್ತಿತ್ತು. ಪಾಲಿಸಲು ಆಗಲಿಲ್ಲ. ಬಸ್ಸು ಓಡಿಸುವವನ ಕಣ್ಣು ಕನ್ನಡಿಗೆ ಹೋಗಿ ಬರುತ್ತಲೇ ಇರುತ್ತದೆ. ಹಿಂದೆ ಏನಿದೆ ಎಂದು ನೋಡದೆ ಮುಂದೆ ಹೋಗುವುದು ಅವನಿಗೆ ತಪ್ಪು. ಗಾಡಿಯ ಮೂಗಿನಿಂದ ಬಾಲದವರೆಗೆ ಹಚ್ಚುತ್ತ ಹೋಗುತ್ತಿದ್ದ. ಬಾಲ ಮುಟ್ಟಿದವನು ತಿರುಗಿ ನೋಡುತ್ತಿದ್ದ. ಎಲ್ಲೋ ಒಂದು ನೊಣ ಅಂಟಿರುತ್ತಿತ್ತು. ಎಲ್ಲೋ ಒಂದು ಗೆರೆ ಎದ್ದಿರುತ್ತಿತ್ತು. ಬಿಟ್ಟುಬಿಡಬೇಕು ಎಂದುಕೊಳ್ಳುತ್ತಲೇ ಹೋಗಿ ರೋಲರ್ ಆಡಿಸುತ್ತಿದ್ದ. ಕೆನೆ ಕಿತ್ತುಬರುತ್ತಿತ್ತು. ಮರುದಿನ ಮತ್ತೆ ಉಪ್ಪುಕಾಗದ.

ಅಷ್ಟರಲ್ಲಿ ಯುಗಾದಿ ಬಂತು. ಬೇವು ಹೂ ಬಿಟ್ಟಿತು. ಹಸಿ ಬಣ್ಣದ ಮೇಲೆ ಹೂ ಉದುರತೊಡಗಿತು. ಚಾಲಕ ಹೆಂಡತಿಯ ಹಳೆಯ ಸೀರೆಗಳನ್ನು ಒಂದಕ್ಕೊಂದು ಗಂಟುಹಾಕಿ ಗಾಡಿಯ ಮೇಲೆ ಚಪ್ಪರ ಕಟ್ಟಿದ. ಹೆಂಡತಿ ಹೊರಗೆ ಬಂದು ಮೇಲೆ ನೋಡಿದಳು.

“ಮದುವೆ ಸೀರೆ ಒಂದು ಬಿಟ್ಟಿದ್ದೀರಿ. ಪೆಟ್ಟಿಗೇಲಿದೆ, ತಂದುಕೊಡ್ಲಾ?”

ಅವನು ಸ್ವಲ್ಪ ಯೋಚಿಸಿ, “ಅದು ಬೇಡ, ಜರಿ ಉದುರುತ್ತೆ” ಎಂದ.

ಎದುರಿಗೆ ಒಬ್ಬ ಕಿರಾಣಿ ವ್ಯಾಪಾರಿಯ ಅಂಗಡಿ. ಅವನು ದಿನವೂ ಕುಳಿತಲ್ಲಿಂದಲೇ ಇದನ್ನು ನೋಡುತ್ತಿದ್ದ. “ಯಜಮಾನ್ರೇ, ನಿಮ್ಮ ಗಾಡಿ ರಸ್ತೆಗಿಳಿಯೋ ಹೊತ್ತಿಗೆ ರಸ್ತೆ ಸವೆದು ಹೋಗಿರುತ್ತೆ” ಎಂದು ಕೂಗುತ್ತಿದ್ದ. ಅಕ್ಕ ಫೋನಿನಲ್ಲಿ ಬೇರೆ ರೀತಿ ಕೇಳುತ್ತಿದ್ದಳು: “ಏನೇ, ನಿಮ್ಮನೆಯವರು ಗಾಡಿಗೆ ಬಣ್ಣ ಹಚ್ತಿದಾರೋ, ಅರಿಶಿನದ ಶಾಸ್ತ್ರ ಮಾಡ್ತಿದಾರೋ? ಮದುವೆ ಯಾವಾಗಂತೆ?” ಕೇಳಿ ನಗುತ್ತಿದ್ದಳು. ಯಾವಾಗ ಬರುತ್ತೀರಿ ಎಂದು ಮಾತ್ರ ಕೇಳುತ್ತಿರಲಿಲ್ಲ.

ಬಿಸಿಲು ಏರಿತು. ಅಣೆಕಟ್ಟಿನ ನೀರು ತಳಕ್ಕೆ ಬಂದಿದೆ, ಹಳ್ಳಿ ಮೇಲೆ ಬಂದಿದೆ ಎಂದು ಸುದ್ದಿ ಸಿಕ್ಕಿತು. ಹೆಂಡತಿ ಅದನ್ನು ಗಂಡನಿಗೆ ಹೇಳಿದಳು. ಅವನು ರೋಲರ್ ತೊಳೆಯುತ್ತ, “ಇನ್ನೊಂದು ಕೋಟು” ಎಂದ. ಮತ್ತೊಂದು ದಿನ, ಮೋಡ ಕಟ್ಟುತ್ತಿದೆಯಂತೆ ಎಂದಳು. “ಇನ್ನೊಂದೇ ಕೋಟು” ಎಂದ.

ಕಡೆಗೆ ಒಂದು ದಿನ ಬಣ್ಣ ಕೂತಿತು. ನೊಣವಿಲ್ಲ, ಹೂವಿಲ್ಲ, ಗೆರೆಯಿಲ್ಲ. ಸಂಜೆಯ ಓರೆ ಬಿಸಿಲಿನಲ್ಲಿ ಗಾಡಿಯ ಮೈಯೊಳಗೆ ಎದುರಿನ ಅಂಗಡಿ ಕಾಣುತ್ತಿತ್ತು, ಅಂಗಡಿಯೊಳಗೆ ಕುಳಿತ ವ್ಯಾಪಾರಿಯೂ ಕಾಣುತ್ತಿದ್ದ. ವ್ಯಾಪಾರಿ ಎದ್ದು ಬಂದು ಸುತ್ತ ನೋಡಿದ. ಅವನಿಗೂ ಅಂದು ಹಾಸ್ಯ ಮಾಡಲು ಏನೂ ಸಿಗಲಿಲ್ಲ. ಹೆಂಡತಿ ಒಳಗೆ ಹೋಗಿ ಅಕ್ಕನಿಗೆ ಫೋನ್ ಮಾಡಿ, ನಾಳೆ ಬರುತ್ತೇವೆ ಎಂದಳು.

ಮರುದಿನ ಚಾಲಕ ಗಾಡಿ ತೆಗೆಯಲಿಲ್ಲ. ಬಣ್ಣ ಗಟ್ಟಿಯಾಗಲಿ ಎಂದ. ಅದರ ಮರುದಿನ, ಗಾಳಿಯಲ್ಲಿ ಧೂಳಿದೆ ಎಂದ. ಮೂರನೆಯ ದಿನ ಹೆಂಡತಿ ಕಾರಣ ಕೇಳಲಿಲ್ಲ. ಗಾಡಿಯ ಪಕ್ಕ ನಿಂತಿದ್ದ ಗಂಡನ ಪಕ್ಕದಲ್ಲಿ ಹೋಗಿ ನಿಂತಳು.

ಅವನೇ ಹೇಳಿದ: “ನೋಡು, ಮಗು ಇದ್ದ ಹಾಗಿದೆ. ಹೆಂಗೆ ಹೊರಗೆ ತಗೊಂಡು ಹೋಗ್ಲಿ ಇದನ್ನ?”

“ಮಗು ಇದ್ದ ಹಾಗಿದೆಯಾ?”

“ಹೂಂ.”

ಹೆಂಡತಿ ಬಂಪರಿಗೆ ಹಚ್ಚಿ ಉಳಿದಿದ್ದ ಕಪ್ಪು ಬಣ್ಣದ ಡಬ್ಬಿ ತೆರೆದಳು. ಹೆಬ್ಬೆರಳು ಅದ್ದಿದಳು. ಗಾಡಿಯ ಕೆನ್ನೆಯ ಹಾಗಿದ್ದ ಜಾಗದಲ್ಲಿ, ಎಲ್ಲರಿಗೂ ಕಾಣುವಂತೆ, ಒತ್ತಿದಳು.

ಚಾಲಕ ಕೂಗಿಕೊಂಡ. “ಏನೇ ಮಾಡ್ದೆ!”

“ದೃಷ್ಟಿ ಬೊಟ್ಟು ಇಟ್ಟೆ. ಇಷ್ಟು ಚೆನ್ನಾಗಿರೋ ಮಗೂನ ಬೊಟ್ಟಿಡದೆ ಯಾರಾದ್ರೂ ಹೊರಗೆ ಕಳಿಸ್ತಾರಾ?”

ಬಸ್ಸು ಓಡಿಸುವಾಗ ಪ್ರತಿ ಯಾತ್ರೆಗೂ ಮೊದಲು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನು ಅವನೇ. ದೃಷ್ಟಿಯಾಗಲಿ ಬಿಡು ಎಂದು ಹೇಗೆ ಹೇಳುವುದು? ಅಳಿಸಲು ಬಟ್ಟೆ ತೆಗೆದುಕೊಂಡ. ಕೈ ಮುಂದೆ ಹೋಗಲಿಲ್ಲ. ಅವನು ಬೊಟ್ಟನ್ನು ನೋಡುತ್ತ ನಿಂತಿದ್ದಾಗ ಹೆಂಡತಿ ಚೀಲ ತಂದು ಗಾಡಿಯೊಳಗೆ ಇಟ್ಟಳು.

ಇಲ್ಲಿಗೆ ಹಾಲೇಶ ನಕ್ಕುಬಿಟ್ಟ. ಸುಲಿದ ಸಿಪ್ಪೆಯನ್ನು ಬದಿಗೆ ಸರಿಸಿ, “ತಿಳಿಯಿತು ಗುರುಗಳೇ. ನನ್ನ ಶಾಂತಿಗೂ ಒಂದು ಕಪ್ಪು ಬೊಟ್ಟು ಇರಲಿ, ಅದು ಕಲೆಯಿಲ್ಲದೆ ಇರಬೇಕೆಂದು ಹಟ ಹಿಡಿಯಬೇಡ ಎಂದು ಹೇಳುತ್ತಿದ್ದೀರಿ” ಎಂದ.

“ಕತೆ ಇನ್ನೂ ಊರು ಬಿಟ್ಟಿಲ್ಲ” ಎಂದರು ಗುರುಗಳು. “ನೀನು ಆಗಲೇ ತಲುಪಿಬಿಟ್ಟೆ. ಸುಲಿ.”

ಅವರ ಕತೆ ಮುಂದುವರಿಯಿತು.

ಗಾಡಿ ಅಕ್ಕನ ಮನೆಯ ಮುಂದೆ ನಿಂತಿತು. ಅಕ್ಕ ಕೋಲೂರಿಕೊಂಡು ಹೊರಗೆ ಬಂದಳು. ಬಹಳ ಹೊತ್ತು ನೋಡಿದಳು. ಆಮೇಲೆ, “ಮುಟ್ಟಬಹುದಾ ಅಳಿಯಂದ್ರೇ? ಇಲ್ಲಾ ಕೈ ತೊಳ್ಕೊಂಡು ಬರ್ಲಾ?” ಎಂದಳು.

ಚಾಲಕ ನಾಚಿದ. “ಮುಟ್ಟಿ ಅಕ್ಕ, ನಿಮ್ಮದೇ.”

ಅವಳು ಅಂಗೈಯನ್ನು ಚಾಚಿ ಗಾಡಿಯ ಮೈಗೆ ಒತ್ತಿ ಹಿಡಿದಳು. “ಅಮ್ಮನ ಸೀರೇನೇ ಕಣೇ” ಎಂದು ತಂಗಿಗೆ ಹೇಳಿದಳು.

ದಾರಿಯಲ್ಲಿ ಚಾಲಕ ಮಲಗಿದವಳಿಗೆ ಕುಲುಕು ತಾಗದ ಹಾಗೆ ಓಡಿಸಿದ. ಬಣ್ಣಕ್ಕೆ ಏನೂ ತಾಗದ ಹಾಗೆಯೂ ಓಡಿಸಿದ. ಎದುರಿನಿಂದ ಹುಲ್ಲಿನ ಗಾಡಿ ಬಂದರೆ ದೂರದಲ್ಲೇ ರಸ್ತೆಯಿಂದ ಇಳಿದು ಅದು ದಾಟುವ ತನಕ ಕಾದ. ಬಿಸಿಲಲ್ಲೇ ನಿಲ್ಲಿಸುತ್ತಿದ್ದ. ಮರದ ನೆರಳಿನಲ್ಲಿ ನಿಲ್ಲಿಸಿದರೆ ಕಾಗೆಗಳು ಕೊಳಕು ಮಾಡುತ್ತವೆ. ನಿಂತಲ್ಲೆಲ್ಲ ಇಳಿದು ಬಟ್ಟೆಯಿಂದ ಒರೆಸುತ್ತಿದ್ದ. ಗಾಡಿಯೊಳಗೆ ಹೆಂಡತಿ ಅನ್ನ ಸಾರು ಮಾಡಿದಳು. ಅಕ್ಕ ಮಲಗಿಕೊಂಡೇ ಕಿಟಕಿಯಿಂದ ಹೊಲ ನೋಡುತ್ತ, ಬೇಕೆಂದಾಗ ಗಾಡಿ ನಿಲ್ಲಿಸಲು ಹೇಳುತ್ತ, ನಾನು ರಾಣಿಯಾದೆ ಎನ್ನುತ್ತ ಬಂದಳು. ರಾತ್ರಿ ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ಉಳಿದು, ಬೆಳಗ್ಗೆ ಮತ್ತೆ ಹೊರಟರು.

ಸೂರ್ಯ ಇಳಿಯುವ ಹೊತ್ತಿಗೆ ಅಣೆಕಟ್ಟಿನ ಹಿನ್ನೀರಿನ ಅಂಚಿಗೆ ಬಂದರು. ಅಲ್ಲಿಗೆ ಡಾಂಬರು ರಸ್ತೆ ಮುಗಿದಿತ್ತು. ಹಳ್ಳಿ ಕಾಣಲಿಲ್ಲ. ಕಣ್ಣು ಹಾಯಿಸಿದಷ್ಟು ದೂರವೂ ಜಾಲಿಯ ಪೊದೆ. ಅದರ ಆಚೆ ನೀರಿನ ಗೆರೆ. ಕುರಿ ಕಾಯುವವನೊಬ್ಬ ತನ್ನ ಕುರಿಗಳನ್ನು ಮೇಲಕ್ಕೆ ಹೊಡೆದುಕೊಂಡು ಬರುತ್ತಿದ್ದ. ಚಾಲಕ ಅವನನ್ನು ವಿಚಾರಿಸಿದ.

“ತಡವಾಗಿ ಬಂದ್ರಿ” ಎಂದ ಕುರಿಯವನು. “ಮೇಲೆ ಗುಡ್ಡದಾಗೆ ಮಳೆ ಹಿಡಿದೈತೆ. ನಿನ್ನೆಯಿಂದ ನೀರು ಏರ್ತೈತೆ. ಆ ಕೊನೇ ಸಾಲಿನ ಮನೆಗಳ ಹೊಸಿಲು ಮುಟ್ಟಿರ್ಬೇಕು ಈಗ. ಬೆಳಗ್ಗೆ ಬಂದ್ರೆ ಏನೂ ಕಾಣಾಕಿಲ್ಲ.”

“ನಡೆದು ಹೋದ್ರೆ?”

ಕುರಿಯವನು ಬಗ್ಗಿ ಗಾಡಿಯೊಳಗೆ ಮಲಗಿದ್ದ ಅಕ್ಕನನ್ನು ನೋಡಿದ. “ಅಮ್ಮಾರಿಗೆ ನಡೆಯಾಕಾಗಲ್ಲ. ದೂರ ಐತೆ. ಹಳೇ ಊರಿನ ದಾರಿ ಗಟ್ಟಿ, ಕಲ್ಲು ಹಾಸಿದ್ದು. ಗಾಡಿ ಹೂತ್ಕಳಾಕಿಲ್ಲ. ಆದ್ರೆ ಎರಡೂ ಕಡೆಯಿಂದ ಜಾಲಿ ಬಂದು ಕೂಡ್ಕಂಡೈತೆ. ಕಡಿಯಾಕೆ ಹೊತ್ತಿಲ್ಲ.” ಅವನ ಕಣ್ಣು ಗಾಡಿಯ ಮೈಮೇಲೆ ಹೋಯಿತು. “ಹೊಸದೇನ್ರಿ ಗಾಡಿ?”

ಚಾಲಕ ದಾರಿಯವರೆಗೆ ನಡೆದು ಹೋಗಿ ನೋಡಿದ. ಎರಡು ಕಡೆಯ ಮುಳ್ಳುಕೊಂಬೆಗಳ ನಡುವೆ ಒಂದು ಎತ್ತು ನುಸುಳಿ ಹೋಗುವಷ್ಟು ಜಾಗ ಇತ್ತು. ಹಿಂದಕ್ಕೆ ಬಂದು ಗಾಡಿಯ ಪಕ್ಕ ನಿಂತ.

ಒಳಗಿನಿಂದ ಅಕ್ಕ ಮಾತಾಡಿದಳು. “ಬೇಡ ಬಿಡಿ ಅಳಿಯಂದ್ರೇ. ಇಷ್ಟು ಹತ್ತಿರ ಬಂದೆನಲ್ಲ, ಸಾಕು. ಇಲ್ಲಿಂದಲೇ ಕೈ ಮುಗೀತೀನಿ. ಇಲ್ಲಿಂದಲೇ ಕಾಣುತ್ತೆ ನಂಗೆ.”

ಅಲ್ಲಿಂದ ಏನೂ ಕಾಣುತ್ತಿರಲಿಲ್ಲ.

ಶಿವರಾತ್ರಿಯಿಂದ ಮಾತಿನಲ್ಲಿ ಚುಚ್ಚುತ್ತ ಬಂದಿದ್ದ ಹೆಂಡತಿ ಈಗ ಏನೂ ಹೇಳಲಿಲ್ಲ. ಗಂಡನ ಕಡೆ ನೋಡಲೂ ಇಲ್ಲ. ನೋಡಿದರೆ ಕೇಳಿದ ಹಾಗಾಗುತ್ತದೆ. ಅವಳು ಅಕ್ಕನ ಕಾಲಿನ ಹೊದಿಕೆಯನ್ನು ಸರಿಮಾಡುತ್ತ ತಲೆ ತಗ್ಗಿಸಿಕೊಂಡೇ ಇದ್ದಳು.

ಚಾಲಕ ಗಾಡಿಯ ಮೈಮೇಲೆ ಒಂದು ಸಲ ಕೈಯಾಡಿಸಿದ. ಆಮೇಲೆ ಹೋಗಿ ತನ್ನ ಜಾಗದಲ್ಲಿ ಕುಳಿತ. ಕಿಟಕಿಗಳ ಗಾಜು ಏರಿಸಿದ. ಗಾಡಿಯನ್ನು ಜಾಲಿಯೊಳಗೆ ಬಿಟ್ಟ.

ಮೊದಲ ಕೊಂಬೆ ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಗೀಚಿಕೊಂಡು ಹೋಯಿತು. ಆ ಸದ್ದು ಕೇಳಿದ ಕೂಡಲೇ ಚಾಲಕ ಮಾತು ಶುರುಮಾಡಿದ.

“ಅಕ್ಕ, ನಿಮ್ಮೂರಲ್ಲಿ ಮಾವಿನ ಮರ ಇತ್ತಾ?”

“ಇತ್ತು, ಇತ್ತು. ಬಾವಿ ಹತ್ರ.”

“ಸಿಹೀನಾ, ಹುಳೀನಾ?”

“ಹುಳಿ. ಬಾಯಲ್ಲಿ ಇಡೋಕಾಗ್ತಿರಲಿಲ್ಲ.”

“ಬಾವಿ ನೀರು ಹೆಂಗಿತ್ತು? ಬಾವಿಗೆ ರಾಟೆ ಇತ್ತಾ? ನಿಮ್ಮ ಎಮ್ಮೆ ಹೆಸರೇನು?”

ಜನ್ಮದಲ್ಲಿ ಅಷ್ಟು ಮಾತಾಡದವನು ದಾರಿಯುದ್ದಕ್ಕೂ ಮಾತಾಡಿದ. ಮುಳ್ಳು ಗೀರುವ ಸದ್ದು ಜೋರಾದ ಕಡೆ ಇನ್ನೂ ಗಟ್ಟಿಯಾಗಿ ಮಾತಾಡಿದ. ಮಲಗಿದವಳಿಗೆ ಆ ಸದ್ದು ಕೇಳಬಾರದು, ಕೇಳಿ ನೋಯಬಾರದು ಎಂಬುದು ಅವನ ಯೋಚನೆ. ಅಕ್ಕನೂ ಪ್ರತಿಯೊಂದಕ್ಕೂ ಅಷ್ಟೇ ಗಟ್ಟಿಯಾಗಿ ಉತ್ತರ ಹೇಳಿದಳು. ಎಮ್ಮೆಯ ಹೆಸರು ಹೇಳಿದಳು. ಅದರ ಕರುವಿನ ಹೆಸರು ಹೇಳಿದಳು. ಅವಳಿಗೆ ಕೇಳಿಸಲಿಲ್ಲ ಎಂದು ಚಾಲಕ ತಿಳಿದ. ಅವಳಿಗೆ ಎಲ್ಲವೂ ಕೇಳಿಸಿತ್ತು. ಅವಳ ಕೈ ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದಿತ್ತು.

ಜಾಲಿ ಮುಗಿದು ಕಲ್ಲುಗಳ ಸಾಲು ಬಂತು. ಅಕ್ಕ ತಲೆಯೆತ್ತಿ ಕಿಟಕಿಯಿಂದ ನೋಡುತ್ತ, ಇದು ಗೌಡರ ಮನೆ, ಇದು ಗುಡಿಯ ಕಟ್ಟೆ ಎಂದು ದಾರಿ ಹೇಳಿದಳು. ಅವರ ಮನೆ ಕೊನೆಯ ಸಾಲಿನದು. ಹೊಸಿಲಿನ ಮೇಲೆ ಪಾದ ಮುಳುಗುವಷ್ಟು ನೀರು ಆಗಲೇ ನಿಂತಿತ್ತು. ಚಾಲಕ ಗಾಡಿಯನ್ನು ತಿರುಗಿಸಿದ. ಇಷ್ಟಿಷ್ಟೇ ಹಿಂದಕ್ಕೆ ಬಿಟ್ಟು, ಹಿಂಬಾಗಿಲಿನ ಮೆಟ್ಟಿಲು ಹೊಸಿಲಿನ ಕಲ್ಲಿಗೆ ಹೊಂದುವ ಹಾಗೆ ನಿಲ್ಲಿಸಿದ. ಇಳಿದು ಬಂದು ನೀರಿನಲ್ಲಿ ನಿಂತು ಹೆಗಲು ಕೊಟ್ಟ. ಅಕ್ಕ ಮಂಚದಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಹೊಸಿಲಿಗೆ ಕಾಲಿಟ್ಟಳು.

ಅವಳಿಗೆ ಬಗ್ಗಲು ಆಗಲಿಲ್ಲ. ತಂಗಿ ಬಗ್ಗಿದಳು. ಅಕ್ಕ ತಂಗಿಯ ತಲೆಯ ಮೇಲೆ ಕೈಯಿಟ್ಟುಕೊಂಡು, ಎಡಗಡೆ ಮೊದಲು, ನಡುವೆ ಬಿಡಬೇಡ, ಹಾಂ, ಹಾಗೆ ಎಂದು ಹೇಳಿಕೊಟ್ಟಳು. ಕೂಸಾಗಿದ್ದಾಗ ಆ ಹೊಸಿಲು ದಾಟಿದವಳು ನೀರಿನೊಳಗೆ ಕೈಯಿಟ್ಟು ಕಲ್ಲಿಗೆ ಅರಿಶಿನ ಹಚ್ಚಿದಳು. ನೀರು ಹಳದಿಯಾಯಿತು. ಸ್ವಲ್ಪ ಹೊತ್ತಿಗೆ ತಿಳಿಯಾಯಿತು.

“ಇಬ್ಬರೂ ಇದ್ದೀವಿ ಕಣಮ್ಮ” ಎಂದಳು ಅಕ್ಕ. ಯಾರಿಗೆ ಹೇಳಿದಳು ಎಂದು ಅಲ್ಲಿದ್ದವರಿಬ್ಬರಿಗೂ ತಿಳಿಯಿತು.

ಕತ್ತಲಾಗುವ ಮೊದಲು ಅದೇ ಜಾಲಿಯೊಳಗೆ ಹಿಂದಕ್ಕೆ ಬಂದರು. ಬರುವಾಗ ಮಾತಿರಲಿಲ್ಲ. ಅಕ್ಕ ನಿದ್ದೆ ಹೋಗಿದ್ದಳು.

ಬೆಳಗ್ಗೆ ಚಾಲಕ ಇಳಿದು ನೋಡಿದ. ಗಾಡಿಯ ಎರಡು ಬದಿಯಲ್ಲೂ ಮೂಗಿನಿಂದ ಬಾಲದವರೆಗೆ ಗೀರುಗಳು. ಕೆಲವು ಕಡೆ ಹಸಿರು ಹೋಗಿ ಒಳಗಿನ ಬಿಳಿ ಕಾಣುತ್ತಿತ್ತು, ಕೆಲವು ಕಡೆ ಬಿಳಿಯೂ ಹೋಗಿ ತಗಡು ಕಾಣುತ್ತಿತ್ತು. ಹೆಂಡತಿ ಕಾಫಿ ತಂದು ಅವನ ಕೈಗೆ ಕೊಟ್ಟಳು. ಇಬ್ಬರೂ ಅಲ್ಲೇ ನಿಂತು ಕುಡಿದರು.

ಗುರುಗಳು ನಿಲ್ಲಿಸಿದರು. ಹಾಲೇಶನ ಕೈ ಯಾವಾಗಲೋ ನಿಂತಿತ್ತು.

“ಮತ್ತೆ ಬಣ್ಣ ಹಚ್ಚಿದನೇ?”

“ಅದು ನನಗೆ ಗೊತ್ತಿಲ್ಲ.”

ಹಾಲೇಶನ ಮುಖದಲ್ಲಿ ಅಸಮಾಧಾನವಿತ್ತು. “ಗುರುಗಳೇ, ಒಂದೇ ಸಂಜೆಯಲ್ಲಿ ಹೋಗುವುದಿತ್ತು ಎಂದ ಮೇಲೆ, ತಿಂಗಳುಗಟ್ಟಲೆ ಉಜ್ಜಿ ಉಜ್ಜಿ ಆ ಬಣ್ಣ ಹಚ್ಚಿದ್ದಾದರೂ ಏಕೆ? ಮೊದಲ ಕೋಟು ಒಣಗಿದ ದಿನವೇ ಹೊರಟಿದ್ದರೆ ಆಗುತ್ತಿರಲಿಲ್ಲವೇ?”

ಗುರುಗಳು ಕಾಳಿನ ಪಾತ್ರೆಯನ್ನು ಎತ್ತಿಕೊಂಡು ಎದ್ದರು.

“ಹೊರಟಿದ್ದರೆ, ಆ ಜಾಲಿಯ ಮುಂದೆ ನಿಂತಾಗ ಅಕ್ಕನಿಗಾಗಿ ಕೊಡಲು ಅವನ ಹತ್ತಿರ ಏನಿರುತ್ತಿತ್ತು, ಹಾಲೇಶ?”